ಆಕ್ಸಿಸ್ ಅಟ್ಲಾಸ್ ಮತ್ತು ಎಚ್‌ಡಿಎಫ್‌ಸಿ ಇನ್ಫಿನಿಯಾ: ಪ್ರಯಾಣಿಕರಿಗೆ ಯಾವುದು ಹಿತ?

ಈ ಎರಡೂ ಕ್ರೆಡಿಟ್ ಕಾರ್ಡುಗಳನ್ನು ಬಳಸಿ ನೋಡಿದ ಮೇಲೆ, ವಾರ್ಷಿಕ ಶುಲ್ಕವೊಂದನ್ನೇ ಹೋಲಿಸಿ ಆಯ್ಕೆ ಮಾಡುವುದು ಸರಿಯಲ್ಲ ಎಂಬುದು ನನಗೆ ಖಚಿತವಾಗಿದೆ. ಜಿಎಸ್‌ಟಿ ಸೇರಿ ಅಟ್ಲಾಸ್‌ಗೆ 5,900 ರೂಪಾಯಿ, ಇನ್ಫಿನಿಯಾಕ್ಕೆ 14,750 ರೂಪಾಯಿ ತೆರಬೇಕು. ಆದರೆ ವರ್ಷಕ್ಕೆ 10 ಲಕ್ಷ ಖರ್ಚು ಮಾಡುವವರಿಗೆ ಇನ್ಫಿನಿಯಾದ ನವೀಕರಣ ಶುಲ್ಕ ಮನ್ನಾ ಆಗುತ್ತದೆ.

ವಿಮಾನಯಾನ ಸಂಸ್ಥೆಯ ಜಾಲತಾಣದಲ್ಲೇ 40,000 ರೂಪಾಯಿಯ ಟಿಕೆಟ್ ಕೊಂಡರೆ, ನೂರಕ್ಕೆ ಐದರಂತೆ ಅಟ್ಲಾಸ್ 2,000 ಮೈಲುಗಳನ್ನು (ಪ್ರಯಾಣಕ್ಕೆ ಬಳಸಬಹುದಾದ ಬಹುಮಾನ ಅಂಕಗಳನ್ನು) ಕೊಡುತ್ತದೆ. ಇನ್ಫಿನಿಯಾ 150 ರೂಪಾಯಿಗೆ ಐದು ಅಂಕಗಳಂತೆ ಕೊಡುವುದು 1,330 ಮಾತ್ರ. ಅದೇ ಟಿಕೆಟನ್ನು ಎಚ್‌ಡಿಎಫ್‌ಸಿ ಬ್ಯಾಂಕಿನ ಬುಕಿಂಗ್ ಜಾಲತಾಣವಾದ ಸ್ಮಾರ್ಟ್‌ಬೈ ಮೂಲಕ ಕೊಂಡರೆ ಇನ್ಫಿನಿಯಾದ ಅಂಕಗಳು ಹಲವು ಪಟ್ಟು ಹೆಚ್ಚುತ್ತವೆ, ಅಲ್ಲದೆ ಅಲ್ಲಿ ವಿಮಾನ ಮತ್ತು ಹೋಟೆಲಿಗೆ ಒಂದು ಅಂಕವನ್ನು ಒಂದು ರೂಪಾಯಿಯಾಗಿಯೇ ಬಳಸಬಹುದು. ಮೈಲುಗಳನ್ನು ವಿಮಾನಯಾನ ಸಂಸ್ಥೆಗಳಿಗೆ ವರ್ಗಾಯಿಸಿ, ಖಾಲಿ ಸೀಟು ಹುಡುಕುವ ತಾಳ್ಮೆ ಇಲ್ಲದವರಿಗೆ ಇದು ದೊಡ್ಡ ನೆಮ್ಮದಿ.

ನನ್ನ ಮಟ್ಟಿಗೆ ನಿರ್ಣಾಯಕವಾದದ್ದು ವಿದೇಶದ ಖರ್ಚು. ಅಲ್ಲಿ ಒಂದು ಲಕ್ಷ ರೂಪಾಯಿ ವ್ಯಯಿಸಿದರೆ ಅಟ್ಲಾಸ್ ಶೇ 3.5ರ ದರದಲ್ಲಿ, ತೆರಿಗೆ ಸೇರಿ, 4,130 ರೂಪಾಯಿಯನ್ನು ವಿದೇಶಿ ಕರೆನ್ಸಿ ಶುಲ್ಕವಾಗಿ ಹಿಡಿಯುತ್ತದೆ. ಶೇ 2ರ ದರದ ಇನ್ಫಿನಿಯಾದಲ್ಲಿ ಅದು 2,360 ರೂಪಾಯಿ. ಮಗಳ ಮನೆಗೆಂದು ವರ್ಷಕ್ಕೊಮ್ಮೆ ಹೊರದೇಶಕ್ಕೆ ಹೋಗಿಬರುವ ನಮ್ಮಂಥವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಇನ್ಫಿನಿಯಾ ಬ್ಯಾಂಕು ಆಹ್ವಾನಿಸಿದವರಿಗಷ್ಟೇ ಸಿಗುವ ಕಾರ್ಡು. ಆಹ್ವಾನ ಬರುವವರೆಗೆ, ದೇಶದೊಳಗಿನ ಟಿಕೆಟುಗಳನ್ನು ನೇರವಾಗಿ ಕೊಳ್ಳುವವರಿಗೆ ನಾನು ಅಟ್ಲಾಸನ್ನೇ ಸೂಚಿಸುತ್ತೇನೆ.