ಲೈವ್ ಲೊಕೇಶನ್: ಎಂಟು ಗಂಟೆ ಸಾಕು, ಸದಾಕಾಲ ಬೇಡ

ಡೊಂಬಿವಲಿಯಿಂದ ವಿರಾರ್‌ವರೆಗೆ ಹರಡಿಕೊಂಡಿರುವ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಸಂಜೆಯ ಹೊತ್ತು ಅತಿ ಹೆಚ್ಚು ಕೇಳಿಬರುವ ಮಾತು "ಎಲ್ಲಿಗೆ ಮುಟ್ಟಿದೆ?" ಎಂಬುದು. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಚೀಲದಿಂದ ಫೋನ್ ತೆಗೆಯುವುದೇ ಸಾಹಸವಾದ್ದರಿಂದ, ಆ ಪ್ರಶ್ನೆಗೆ ಫೋನೇ ಉತ್ತರ ಕೊಡುವ ವ್ಯವಸ್ಥೆ ಈ ಊರಿನವರಿಗೆ ಬೇಗ ರೂಢಿಯಾಯಿತು. ಗೂಗಲ್ ಮ್ಯಾಪ್ಸ್ 2017ರ ಮಾರ್ಚ್‌ನಲ್ಲಿ, ವಾಟ್ಸಾಪ್ ಅದೇ ವರ್ಷದ ಅಕ್ಟೋಬರ್‌ನಲ್ಲಿ, ನಾವು ಚಲಿಸಿದಂತೆ ನಾವಿರುವ ಜಾಗವನ್ನು ಬೇರೆಯವರ ಫೋನಿನ ನಕ್ಷೆಯಲ್ಲಿ ತೋರಿಸುತ್ತ ಹೋಗುವ ಈ ಸೌಲಭ್ಯವನ್ನು ತಂದವು. ಮುಲುಂಡ್‌ನ ನಮ್ಮ ಮನೆಯಲ್ಲಿ ಎರಡೂ ಬಹುಕಾಲದಿಂದ ಬಳಕೆಯಲ್ಲಿವೆ; ಯಾವುದು ಎಷ್ಟರಮಟ್ಟಿಗೆ ಒದಗುತ್ತದೆ, ಯಾವುದು ಎಲ್ಲಿ ಮಿತಿ ಮೀರುತ್ತದೆ ಎಂಬುದನ್ನು ಆ ಬಳಕೆಯ ಆಧಾರದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ.

ವಾಟ್ಸಾಪ್‌ನ ವ್ಯವಸ್ಥೆ ಸರಳವಾಗಿದೆ. ಚಾಟ್‌ನಲ್ಲಿ ಲೊಕೇಶನ್ ತೆರೆದು ‘ಲೈವ್ ಲೊಕೇಶನ್’ ಒತ್ತಿದರೆ ಹದಿನೈದು ನಿಮಿಷ, ಒಂದು ಗಂಟೆ, ಎಂಟು ಗಂಟೆ ಎಂಬ ಮೂರೇ ಅವಧಿಗಳು ಕಾಣುತ್ತವೆ. ಅವಧಿ ಮುಗಿದೊಡನೆ ಹಂಚಿಕೆ ತಾನಾಗಿ ನಿಲ್ಲುತ್ತದೆ. ಅದಕ್ಕೂ ಮೊದಲೇ ನಿಲ್ಲಿಸಬಹುದು. ಮಾಹಿತಿ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್‌ನಲ್ಲಿ ಸಾಗುವುದರಿಂದ ಕಳುಹಿಸಿದವರಿಗೆ ಮತ್ತು ಪಡೆದವರಿಗೆ ಹೊರತಾಗಿ ಬೇರೆಯವರಿಗೆ ಅದು ಕಾಣುವುದಿಲ್ಲ ಎಂದು ಕಂಪನಿ ಹೇಳುತ್ತದೆ. ಎಂಟು ಗಂಟೆಗಿಂತ ಹೆಚ್ಚು ಬೇಕಾದರೆ ಮತ್ತೊಮ್ಮೆ ಒತ್ತಬೇಕಾಗುತ್ತದೆ ಎಂಬುದು ಕೆಲವರ ಆಕ್ಷೇಪ. ನನಗೆ ಇಡೀ ಸೌಲಭ್ಯದಲ್ಲಿ ಹಿಡಿಸಿರುವ ಅಂಶವೇ ಅದು, ಏಕೆಂದರೆ ಪ್ರತಿ ಸಲವೂ ಕೊಡುವವರ ಮನಸ್ಸು ಇರಬೇಕಾಗುತ್ತದೆ.

ಇದರ ಬೆಲೆ ತಿಳಿಯುವುದು ಮಳೆಗಾಲದಲ್ಲಿ. ಕಡಲಿನ ಭರತದ ಹೊತ್ತಿಗೇ ಜೋರು ಮಳೆ ಬಿದ್ದರೆ ಸಯನ್ ಮತ್ತು ಕುರ್ಲಾ ನಡುವಿನ ತಗ್ಗಿನಲ್ಲಿ ಹಳಿಗಳು ಮುಳುಗಿ ಮಧ್ಯ ರೈಲ್ವೆಯ ಗಾಡಿಗಳು ನಿಂತಲ್ಲೇ ನಿಲ್ಲುತ್ತವೆ. ಅಂಥ ಸಂಜೆ ಹೆಂಗಸರ ಡಬ್ಬಿಯಲ್ಲಿ ಪ್ರತಿಯೊಬ್ಬರ ಫೋನೂ ಒಂದೇ ಸಮನೆ ರಿಂಗಾಗುತ್ತಿರುತ್ತದೆ, ಎಲ್ಲರೂ ಒಂದೇ ಉತ್ತರವನ್ನು ಮರಾಠಿ, ಗುಜರಾತಿ, ತುಳು, ಕನ್ನಡಗಳಲ್ಲಿ ಹೇಳುತ್ತಿರುತ್ತಾರೆ. ಮನೆಯ ಗುಂಪಿಗೆ ಲೈವ್ ಲೊಕೇಶನ್ ಹಾಕಿಬಿಟ್ಟರೆ ಆ ಕರೆಗಳು ನಿಲ್ಲುತ್ತವೆ. ಗಾಡಿ ಕದಲಿತೇ ಇಲ್ಲವೇ ಎಂಬುದನ್ನು ಮನೆಯವರು ನಕ್ಷೆಯಲ್ಲೇ ನೋಡಿಕೊಳ್ಳುತ್ತಾರೆ, ಹಳಿಗಿಳಿದು ನಡೆಯುವ ಪ್ರಸಂಗ ಬಂದರೂ ಯಾವ ಕಡೆಗೆ ಹೋಗುತ್ತಿದ್ದೇವೆಂದು ಅವರಿಗೆ ತಿಳಿಯುತ್ತದೆ. ತಡರಾತ್ರಿ ಒಬ್ಬಳೇ ರಿಕ್ಷಾದಲ್ಲಿ ಬರುವಾಗಲೂ ಇಷ್ಟೇ ನೆಮ್ಮದಿ.

ಆದರೆ ನಕ್ಷೆಯನ್ನು ಪೂರ್ತಿ ನಂಬುವಂತಿಲ್ಲ. ದಾದರ್‌ನಲ್ಲಿ ಪಶ್ಚಿಮ ಮತ್ತು ಮಧ್ಯ ರೈಲ್ವೆಯ ಪ್ಲಾಟ್‌ಫಾರಂಗಳು ಅಕ್ಕಪಕ್ಕದಲ್ಲಿವೆ, ಮೇಲೆ ಸೇತುವೆಗಳಿವೆ. ನನ್ನ ಚಿತ್ರ ಒಂದು ಕ್ಷಣ ಹೂವಿನ ಮಾರುಕಟ್ಟೆಯಲ್ಲಿ, ಮರುಕ್ಷಣ ಪೂರ್ವದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಕಾಣಿಸಿಕೊಳ್ಳುತ್ತದೆ. ನಾನು ಮಾತ್ರ ಸೇತುವೆಯ ಮೆಟ್ಟಿಲಲ್ಲಿ ಸಿಕ್ಕಿಕೊಂಡಿರುತ್ತೇನೆ. 2025ರ ಅಕ್ಟೋಬರ್‌ನಿಂದ ಆರೆಯಿಂದ ಕಫ್ ಪರೇಡ್‌ವರೆಗೆ ಪೂರ್ಣವಾಗಿ ಓಡುತ್ತಿರುವ ಮೆಟ್ರೋ-3 ಬಹುತೇಕ ನೆಲದಡಿಯಲ್ಲಿರುವುದರಿಂದ ಅಲ್ಲಿ ಉಪಗ್ರಹದ ಸಂಕೇತ ಸಿಗದೆ, ನೆಟ್‌ವರ್ಕ್ ಕೂಡ ಕೈಕೊಟ್ಟರೆ, ಚಿತ್ರ ಕೊನೆಯದಾಗಿ ಕಂಡ ಜಾಗದಲ್ಲೇ ನಿಂತುಬಿಡುತ್ತದೆ. ವಯಸ್ಸಾದವರಿಗೆ ಇದನ್ನು ಮೊದಲೇ ಹೇಳಿಡದಿದ್ದರೆ ನೆಮ್ಮದಿಗೆಂದು ಹಾಕಿಕೊಂಡದ್ದೇ ಗಾಬರಿಗೆ ಕಾರಣವಾಗುತ್ತದೆ. ಬ್ಯಾಟರಿ ಬೇಗ ಇಳಿಯುವ ದೂರು ಎರಡಕ್ಕೂ ಸಮಾನ.

ಗೂಗಲ್ ಮ್ಯಾಪ್ಸ್‌ನ ಹಂಚಿಕೆ ಇದಕ್ಕಿಂತ ಬಲವಾದದ್ದು, ಅಷ್ಟೇ ಎಚ್ಚರ ಬೇಡುವಂಥದ್ದು. ಇಲ್ಲಿ ನಿಗದಿತ ಅವಧಿಯ ಜೊತೆಗೆ ‘ನಾನೇ ನಿಲ್ಲಿಸುವ ತನಕ’ ಎಂಬ ಆಯ್ಕೆಯೂ ಇದೆ. ಸ್ಥಳದೊಂದಿಗೆ ಫೋನಿನ ಬ್ಯಾಟರಿ ಎಷ್ಟಿದೆ, ಚಾರ್ಜ್ ಆಗುತ್ತಿದೆಯೇ ಎಂಬುದೂ ಎದುರಿನವರಿಗೆ ಕಾಣುತ್ತದೆ. ನಾವು ಒಂದು ಜಾಗವನ್ನು ತಲುಪಿದಾಗ ಅಥವಾ ಬಿಟ್ಟಾಗ ತಮಗೆ ಸೂಚನೆ ಬರುವಂತೆಯೂ ಅವರು ಮಾಡಿಕೊಳ್ಳಬಹುದು. ನಮ್ಮ ಮಾವನವರಿಗೆ ಈಚೆಗೆ ಮರೆವು ಹೆಚ್ಚಾಗಿದೆ. ಅವರು ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ಬರುವುದನ್ನು ತಪ್ಪಿಸುವ ಮನಸ್ಸು ನಮಗಿರಲಿಲ್ಲವಾದ್ದರಿಂದ, ಅವರ ಫೋನಿನಲ್ಲಿ ಇದನ್ನು ಅವರ ಎದುರಿಗೇ ಹಾಕಿ ತೋರಿಸಿದೆವು. "ನನ್ನನ್ನು ಊರವರೆಲ್ಲ ನೋಡ್ತಾರೇನಮ್ಮ?" ಎಂದು ಕೇಳಿದರು. ಮಗ, ಸೊಸೆ ಇಬ್ಬರೇ ಎಂದು ಪಟ್ಟಿಯನ್ನು ಓದಿಸಿದ ಮೇಲೆ ಒಪ್ಪಿದರು. ಇಂಥ ಕಡೆ ಮ್ಯಾಪ್ಸ್‌ಗೆ ಸಾಟಿಯಿಲ್ಲ.

ಅದೇ ಸೌಲಭ್ಯ ಆರೋಗ್ಯವಾಗಿರುವ, ದುಡಿಯುವ ವಯಸ್ಕರ ನಡುವೆ ಬಂದಾಗ ಏನಾಗುತ್ತದೆ ಎಂಬುದನ್ನು ನನ್ನ ಸಹೋದ್ಯೋಗಿಯೊಬ್ಬಳ ಮನೆಯಲ್ಲಿ ಕಂಡಿದ್ದೇನೆ. ಮದುವೆಯಾದ ಹೊಸದರಲ್ಲಿ ಪ್ರೀತಿಯಿಂದಲೇ ಆರಂಭವಾದ ಸದಾಕಾಲದ ಹಂಚಿಕೆ ಕ್ರಮೇಣ ಜವಾಬು ಕೇಳುವ ಪದ್ಧತಿಯಾಯಿತು. "ಘಾಟ್ಕೋಪರ್‌ನಲ್ಲಿ ಅರ್ಧ ಗಂಟೆ ಯಾಕೆ ನಿಂತಿದ್ದೆ?" ಎಂಬುದು ಮೊದಲು ಬಂದ ಪ್ರಶ್ನೆ, "ಬ್ಯಾಟರಿ ಅರವತ್ತು ಪರ್ಸೆಂಟ್ ಇತ್ತು, ಫೋನ್ ಯಾಕೆ ಎತ್ತಲಿಲ್ಲ?" ಎಂಬುದು ಆಮೇಲಿನದು. ಈಗ ನಿಲ್ಲಿಸಿದರೆ ‘ಮುಚ್ಚಿಡುವಂಥದ್ದೇನಿದೆ’ ಎಂಬ ಮಾತು ಬರುತ್ತದೆಂದು ಆಕೆ ನಿಲ್ಲಿಸಲಾರಳು. ಕೊನೆಯ ದಿನಾಂಕವಿಲ್ಲದ ಒಪ್ಪಿಗೆಯ ತೊಡಕು ಇಲ್ಲಿದೆ: ಕೊಡುವಾಗ ಯಾರೂ ಬಲವಂತ ಮಾಡಿರುವುದಿಲ್ಲ, ಹಿಂದಕ್ಕೆ ಪಡೆಯಲು ಮಾತ್ರ ಕಾರಣ ಹೇಳಬೇಕಾಗುತ್ತದೆ.

ಪೊಲೀಸರಿಗೂ ಇಂಥ ಅಧಿಕಾರ ಸಲ್ಲದು ಎಂದು ಸುಪ್ರೀಂ ಕೋರ್ಟ್ ಹೇಳಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಜಾಮೀನು ಪಡೆದ ಆರೋಪಿಯು ತನಿಖಾಧಿಕಾರಿಗೆ ಕಾಣುವಂತೆ ಗೂಗಲ್ ಮ್ಯಾಪ್ಸ್‌ನಲ್ಲಿ ತನ್ನ ಸ್ಥಳದ ಪಿನ್ ಹಾಕಬೇಕೆಂಬ ಷರತ್ತನ್ನು 2024ರ ಜುಲೈ 8ರಂದು ನ್ಯಾಯಾಲಯ ತೆಗೆದುಹಾಕಿತು. ಪೊಲೀಸರು ಆರೋಪಿಯ ಖಾಸಗಿ ಬದುಕಿನಲ್ಲಿ ಸದಾ ಇಣುಕುವಂತೆ ಮಾಡುವ ಷರತ್ತು ವಿಧಿಸಬಾರದೆಂಬ ಆ ತೀರ್ಪನ್ನು ಬರೆದವರು, ಹಿಂದೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ನ್ಯಾ. ಅಭಯ್ ಓಕ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸಾರಿದ ತೀರ್ಪು ಬಂದದ್ದೂ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬರು ವೈಯಕ್ತಿಕ ಅಥವಾ ಗೃಹಬಳಕೆಗೆ ಉಪಯೋಗಿಸುವ ಮಾಹಿತಿಗೆ ಅನ್ವಯಿಸುವುದಿಲ್ಲ. ಕಂಪನಿಯನ್ನು ಪ್ರಶ್ನಿಸಲು ಆ ಕಾಯ್ದೆ ನೆರವಾದೀತು. ಅತ್ತೆ, ಗಂಡ, ಅಪ್ಪ ಕೇಳುವ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ.

ಕಂಪನಿಗಳ ವಿಷಯದಲ್ಲಿಯೂ ನಿಶ್ಚಿಂತೆಯಿಂದಿರುವಂತಿಲ್ಲ. ಕುಟುಂಬದ ಸುರಕ್ಷತೆಗೆಂದೇ ಹೆಸರಾದ ಲೈಫ್360 ಆ್ಯಪ್ ಬಳಕೆದಾರರ ಸ್ಥಳ ಮಾಹಿತಿಯನ್ನು ದತ್ತಾಂಶ ವ್ಯಾಪಾರಿಗಳಿಗೆ ಮಾರುತ್ತಿದ್ದುದನ್ನು ಅಮೆರಿಕದ ಸುದ್ದಿಸಂಸ್ಥೆ ದಿ ಮಾರ್ಕಪ್ 2021ರ ಡಿಸೆಂಬರ್‌ನಲ್ಲಿ ವರದಿ ಮಾಡಿತು. ಹೀಗಾಗಿ ಈ ಕೆಲಸಕ್ಕೆಂದು ಪ್ರತ್ಯೇಕ ಆ್ಯಪ್ ಹಾಕಿಕೊಳ್ಳುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ಇರುವ ಆ್ಯಪ್‌ಗಳಿಗೂ ‘ಬಳಸುವಾಗ ಮಾತ್ರ’ ಅನುಮತಿ ಕೊಡಬಹುದು. ಆಂಡ್ರಾಯ್ಡ್ 12 ಮತ್ತು ಅದರ ನಂತರದ ಫೋನುಗಳಲ್ಲಿ ನಿಖರ ಸ್ಥಳದ ಬದಲು ಅಂದಾಜು ಸ್ಥಳವನ್ನಷ್ಟೇ ಕೊಡುವ ಅವಕಾಶವಿದೆ. ಹವಾಮಾನ ಹೇಳುವ ಆ್ಯಪ್‌ಗೆ ನಮ್ಮ ಕಟ್ಟಡದ ಗೇಟು ತಿಳಿದು ಆಗಬೇಕಾದದ್ದೇನೂ ಇಲ್ಲ.

ಅಂಕ ಕೊಡಬೇಕೆಂದರೆ ವಾಟ್ಸಾಪ್‌ಗೆ ಐದರಲ್ಲಿ ನಾಲ್ಕು, ಮ್ಯಾಪ್ಸ್‌ಗೆ ಮೂರು ಕೊಡುತ್ತೇನೆ. ವಾಟ್ಸಾಪ್‌ನಲ್ಲಿ ಒಂದು ಅಂಕ ಕಳೆದದ್ದು ಗುಂಪುಗಳ ಕಾರಣಕ್ಕೆ: ಸಂಘದ ಕಾರ್ಯಕ್ರಮಕ್ಕೆಂದು ಮಾಡಿದ ದೊಡ್ಡ ಗುಂಪಿಗೆ ಲೊಕೇಶನ್ ಹಾಕಿದರೆ ಅಲ್ಲಿರುವ ಮುಖಪರಿಚಯವಿಲ್ಲದವರಿಗೂ ಅದು ಕಾಣುತ್ತದೆ, ಹಂಚಿಕೆ ನಿಂತ ಮೇಲೂ ಆರಂಭದ ಸ್ಥಳದ ಚಿತ್ರ ಚಾಟ್‌ನಲ್ಲಿ ಉಳಿಯುತ್ತದೆ. ಮನೆಯ ಬಾಗಿಲಿಂದಲೇ ಆರಂಭಿಸಿದ್ದರೆ ಮನೆಯ ವಿಳಾಸ ಕೊಟ್ಟಂತೆಯೇ.

ಈಗ ನಮ್ಮಲ್ಲಿ ಮ್ಯಾಪ್ಸ್‌ನ ಸದಾಕಾಲದ ಪಟ್ಟಿಯಲ್ಲಿರುವುದು ಮಾವನವರ ಹೆಸರೊಂದೇ. ಕಾಲೇಜಿಗೆ ಹೋಗುವ ಮಗನಿಂದ ಅದನ್ನು ಕೇಳಿಲ್ಲ. ತಡವಾಗುವ ದಿನ ಅವನೇ ವಾಟ್ಸಾಪ್‌ನಲ್ಲಿ ಹಾಕುತ್ತಾನೆ. ನಾನು ದಾದರ್‌ನಲ್ಲಿ ಗಾಡಿ ಹತ್ತುವ ಮೊದಲು ಒಂದು ಗಂಟೆ ಒತ್ತಿದರೆ ಮುಲುಂಡ್ ತಲುಪುವುದಕ್ಕೆ ಸಾಕಾಗುತ್ತದೆ. ಜುಲೈ ತಿಂಗಳ ಮಳೆಯಲ್ಲಿ ಮಾತ್ರ ಎಂಟು ಗಂಟೆ.