ಸೊಂಟದಲ್ಲಿರುವ ಅರ್ಧ ಗಂಟೆ: ಡ್ರೇಗರ್ ಆಕ್ಸಿ 3000, ಲ್ಯಾಂಪ್ ರೂಮಿನಿಂದ ಕಂಡಂತೆ

ಊರು ರಾಯಚೂರು ಕಡೆ. ಕೆಲಸ ಹೊರರಾಜ್ಯದ ಕಲ್ಲಿದ್ದಲು ಗಣಿಯ ಲ್ಯಾಂಪ್ ರೂಮಿನಲ್ಲಿ, 19 ವರ್ಷದಿಂದ. ಶಿಫ್ಟಿಗೆ ಇಳಿಯುವವರಿಗೆ ಕ್ಯಾಪ್ ಲ್ಯಾಂಪ್ ಜೊತೆ ಸೆಲ್ಫ್ ರೆಸ್ಕ್ಯೂಯರ್ (ಗಣಿಯಲ್ಲಿ ವಿಷಗಾಳಿ ತುಂಬಿದರೆ ಹೊರಬರುವವರೆಗೆ ಉಸಿರಾಡಲು ಸೊಂಟಕ್ಕೆ ಕಟ್ಟಿಕೊಳ್ಳುವ ಡಬ್ಬಿ) ಕೊಡುವುದು, ಮೇಲೆ ಬಂದಾಗ ನೋಡಿ ಎತ್ತಿಡುವುದು ನನ್ನ ಪಾಲು. ಈಗ ನಮ್ಮಲ್ಲಿರುವುದು ಡ್ರೇಗರ್ ಆಕ್ಸಿ 3000. ನಡೆದು ಹೊರಬರಲು 30 ನಿಮಿಷ ಉಸಿರು ಕೊಡುತ್ತದೆ. ಅಲ್ಲಾಡದೆ ಕೂತರೆ ಇನ್ನೂ ಜಾಸ್ತಿ ಹೊತ್ತು ಬರುತ್ತದೆ.

ಇದರಲ್ಲಿ ಸಿಲಿಂಡರ್ ಇಲ್ಲ. ಪೊಟ್ಯಾಸಿಯಂ ಸೂಪರ್‌ಆಕ್ಸೈಡ್ ಎಂಬ ಹಳದಿ ರಾಸಾಯನಿಕ ಇದೆ. ನಮ್ಮ ಉಸಿರಿನ ತೇವ ತಾಗಿದರೆ ಅದು ಆಮ್ಲಜನಕ ಬಿಡುತ್ತದೆ, ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಹೊರಗಿನ ಗಾಳಿಯ ಹಂಗೇ ಇಲ್ಲ. ಮೊದಲಿದ್ದ, ಹೊರಗಿನ ಗಾಳಿಯನ್ನೇ ಸೋಸಿ ಕೊಡುವ ಫಿಲ್ಟರ್ ಮಾದರಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿಗೆ ಮಾತ್ರ ಆಗುತ್ತಿತ್ತು. ಗಾಳಿಯಲ್ಲಿ ಆಮ್ಲಜನಕವೇ ಕಡಿಮೆಯಾದರೆ ಅದನ್ನು ಕಟ್ಟಿಕೊಂಡೂ ಪ್ರಯೋಜನವಿಲ್ಲ.

ತೇವವೇ ಇದರ ಜೀವ, ತೇವವೇ ಇದರ ಶತ್ರು. ಡಬ್ಬಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಒಳಗಿನದು ಸುಮ್ನೆ ಕೆಡುತ್ತಾ ಹೋಗುತ್ತದೆ. ಆಕ್ಸಿ 3000ದಲ್ಲಿ ನನಗೆ ತುಂಬಾ ಹಿಡಿಸಿದ್ದು ಅದರ ಪುಟ್ಟ ಕಿಟಕಿ. ಟಾರ್ಚ್ ಹಿಡಿದು ನೋಡಿದರೆ ಒಳಗೆ ಪುಡಿ ಉದುರಿದೆಯಾ ಎಂದು ತಿಳಿಯುತ್ತದೆ. ಮುಚ್ಚಿದ ಡಬ್ಬಿಯನ್ನು ಬರೀ ನಂಬಿಕೆ ಮೇಲೆ ಕೊಡುವ ಸಂಕಟ ಅನುಭವಿಸಿದವರಿಗೆ ಇದರ ಬೆಲೆ ಗೊತ್ತು.

ಆದರೆ ಕಿಟಕಿ ನೋಡಿ ಮುಗಿಸಬೇಡಿ. ಹಿಂದೆ ಬೇರೆ ಕಂಪನಿಯ ಸೆಟ್ ಇದ್ದಾಗ ಹೊರಗಿನವರು ಬಂದು ಸರ್ವೀಸ್ ಮಾಡಿ ಎಲ್ಲದಕ್ಕೂ 'ಸರಿ ಇದೆ' ಎಂದು ಸ್ಟಿಕ್ಕರ್ ಅಂಟಿಸಿ ಹೋದರು. ಒಂದು ಸೆಟ್ಟಿನ ಕವರ್ ಬಿಚ್ಚಿ ಬೆರಳಾಡಿಸಿದೆ. ಸೊಂಟಕ್ಕೆ ತಾಗುವ ಬದಿಯಲ್ಲಿ, ಸೀಲಿನ ಪಕ್ಕದಲ್ಲೇ, ಹುಣಸೆಬೀಜದಷ್ಟು ತಗ್ಗು. ಊಟದ ಹೊತ್ತಲ್ಲಿ ಯಾರೋ ತಲೆದಿಂಬು ಮಾಡಿಕೊಂಡಿರಬೇಕು. ಸೋರಿಕೆ ಪರೀಕ್ಷೆಯ ಯಂತ್ರದಲ್ಲಿಟ್ಟರೆ ಮುಳ್ಳು ನಿಲ್ಲಲೇ ಇಲ್ಲ. ಅದೇ ಸೆಟ್ ಕಟ್ಟಿಕೊಂಡು ಒಬ್ಬರು ದಿನಾ ಕೆಳಗಿಳಿಯುತ್ತಿದ್ದರು. ಆ ಸಿಟ್ಟು ನನಗೆ ಇನ್ನೂ ಆರಿಲ್ಲ. ಅಂದಿನಿಂದ ಕವರ್ ಬಿಚ್ಚದೆ ಯಾವ ಸೆಟ್ಟನ್ನೂ ರಿಜಿಸ್ಟರಿನಲ್ಲಿ ಬರೆಯುವುದಿಲ್ಲ.

ಇನ್ನು ತರಬೇತಿ. ಅವಧಿ ಮುಗಿದ ಸೆಟ್‌ಗಳನ್ನು ಮೇಲೆ, ಬಯಲಲ್ಲಿ, ನಿಜವಾಗಿ ತೆರೆದು ಉಸಿರಾಡಿಸುತ್ತೇವೆ. ನಮ್ಮ ಕಡೆಯ ಒಬ್ಬ ಹೊಸ ಹುಡುಗ ಎರಡೇ ನಿಮಿಷಕ್ಕೆ ಮೌತ್‌ಪೀಸ್ ಕಿತ್ತು, "ಅಣ್ಣಾ, ಇದು ಕೆಟ್ಟಿದೆ, ಬಿಸಿ ಗಾಳಿ ಬರ್ತಿದೆ" ಅಂದ. ಕೆಟ್ಟಿರಲಿಲ್ಲ. ರಾಸಾಯನಿಕ ಕೆಲಸ ಮಾಡಿದರೆ ಬಿಸಿಯಾಗುವುದೇ, ಗಂಟಲು ಒಣಗುವುದೇ, ಉಸಿರೆಳೆಯಲು ಸ್ವಲ್ಪ ಜೋರು ಬೇಕಾಗುವುದೇ. ಕೆಳಗೆ, ವಿಷಗಾಳಿಯಲ್ಲಿ, ಅದನ್ನು ಹೇಳಲು ಬಾಯಿ ತೆರೆದಿದ್ದರೆ?

2006ರ ಜನವರಿಯಲ್ಲಿ ಅಮೆರಿಕದ ಸಾಗೊ ಗಣಿಯಲ್ಲಿ 12 ಜನ ಸತ್ತರು. ಒಳಗೆ ಸಿಕ್ಕಿಬಿದ್ದವರಲ್ಲಿ ಬದುಕಿ ಬಂದ ಒಬ್ಬನೇ ಒಬ್ಬ ಕಾರ್ಮಿಕ ಕನಿಷ್ಠ ನಾಲ್ಕು ಸೆಟ್ ಕೆಲಸ ಮಾಡಲಿಲ್ಲ ಎಂದ. ಆದರೆ ತನಿಖೆಯಲ್ಲಿ ಸಿಕ್ಕ ಸೆಟ್‌ಗಳಲ್ಲಿ ಯಾವುದೂ ಪೂರ್ತಿ ಖರ್ಚಾಗಿರಲಿಲ್ಲ, ಒಳಗೆ ಇನ್ನೂ ರಾಸಾಯನಿಕ ಉಳಿದಿತ್ತು. ಆ ಹುಡುಗನಿಗೆ ಇದನ್ನು ಹೇಳಿದೆ. ಸುಮ್ಮನೆ ಕೇಳಿ, ಇನ್ನೊಂದು ಹಳೆಯ ಸೆಟ್ ಕೇಳಿ ತಗೊಂಡ. ಮೂಗಿಗೆ ಕ್ಲಿಪ್ ಹಾಕಿಕೊಂಡು, ಕಣ್ಣಲ್ಲಿ ನೀರು ಬರುತ್ತಿದ್ದರೂ ಸೆಟ್ಟಿನ ಉಸಿರಿನ ಚೀಲ ಮುದುಡುವವರೆಗೆ ಬಾಯಿ ಬಿಡಲಿಲ್ಲ.