ಬಕೆಟ್‌ನಲ್ಲಿ ಪಾಸಾದ ಕ್ಯಾಮೆರಾ ಸಮುದ್ರದಲ್ಲಿ ಸತ್ತಿತು

ವಾಟರ್‌ಪ್ರೂಫ್ ಕ್ಯಾಮೆರಾ ಇಟ್ಟುಕೊಂಡವರು ದಯವಿಟ್ಟು ಓದಿ. ಅದನ್ನು ಹೊರಗಿನ ರಿಪೇರಿ ಅಂಗಡಿಯಲ್ಲಿ ಒಮ್ಮೆ ಬಿಚ್ಚಿಸಿದ್ದರೆ, ಪ್ರೆಷರ್ ಟೆಸ್ಟ್ (ಒತ್ತಡ ಹಾಕಿ ಎಲ್ಲಾದರೂ ಸೋರುತ್ತದೆಯೇ ಅಂತ ನೋಡುವುದು) ಆಗುವ ತನಕ ಅದು ಮಾಮೂಲಿ ಕ್ಯಾಮೆರಾ ಅಂತಲೇ ತಿಳಿಯಿರಿ.

ನಮ್ಮ ಭಾವನವರದ್ದು 15 ಮೀಟರ್ ಆಳದವರೆಗೆ ಒಯ್ಯಬಹುದಾದ ಕ್ಯಾಮೆರಾ. ಕೈಜಾರಿ ಬಿದ್ದು ಹಿಂದಿನ ಡಿಸ್‌ಪ್ಲೇ ಒಡೆಯಿತು. ಸರ್ವಿಸ್ ಸೆಂಟರ್‌ನವರು ಪಾರ್ಟ್ ಬರುವುದು ತಡ ಅಂದರು; ಪೇಟೆಯ ಅಂಗಡಿಯವನು ಬೇಗ ಹಾಕಿಕೊಟ್ಟ. "ವಾಟರ್‌ಪ್ರೂಫ್ ಹಾಗೇ ಇರುತ್ತೇನಪ್ಪ?" ಎಂದು ಭಾವ ಕೇಳಿಯೂ ಕೇಳಿದರು. ಅವನು ಮಾತೇ ಆಡದೆ ಬಕೆಟ್ ತರಿಸಿ, ಕ್ಯಾಮೆರಾ ಮುಳುಗಿಸಿ, ಎತ್ತಿ ಒರೆಸಿ, ಆನ್ ಮಾಡಿ ತೋರಿಸಿದ. ಯಾರಾದರೂ ನಂಬಬೇಕು, ಹಾಗಿತ್ತು.

ಮೋಸ ಇರುವುದು ಆ ಬಕೆಟ್‌ನಲ್ಲೇ. ಒಂದಡಿ ನೀರಿನ ಒತ್ತಡ ಲೆಕ್ಕಕ್ಕೇ ಬರುವುದಿಲ್ಲ. 10 ಮೀಟರ್ ಕೆಳಗೆ ಹೋದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1 ಕೆಜಿ ಭಾರ ಹೆಚ್ಚಾಗಿ ಕೂರುತ್ತದೆ. ನೀರು ಒಳಗೆ ಬಾರದಂತೆ ತಡೆಯುವ ಸೀಲ್ ಹಳೆಯದನ್ನೇ ಮತ್ತೆ ಒತ್ತಿ ಮುಚ್ಚಿದರೆ ಬಕೆಟ್‌ಗೆ ಸಾಕು, ಸಮುದ್ರಕ್ಕೆ ಸಾಲದು.

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋದಾಗ ಅದು ಗೊತ್ತಾಯಿತು. ದೋಣಿಯಲ್ಲೇ ಲೆನ್ಸಿನ ಗಾಜಿನ ಒಳಬದಿಗೆ ಮಂಜು ಕಟ್ಟಿತ್ತು. ಬಿಸಿಲಲ್ಲಿ ಕಾದದ್ದು ತಟ್ಟನೆ ತಣ್ಣಗಾದಾಗ ಒಳ್ಳೆಯ ಕ್ಯಾಮೆರಾಕ್ಕೂ ಹೀಗಾಗುವುದುಂಟು. ಆದರೆ ಬಹಳ ಹೊತ್ತಾದರೂ ಆರದಿದ್ದರೆ ಒಳಗೆ ತೇವ ಸೇರಿದೆ ಅಂತ ಅನುಮಾನಪಡಿ, ನೀರಿಗಿಳಿಸಬೇಡಿ. ಕೆಳಗೆ ಮೀನಿನ ಹಿಂಡು ಸಿಕ್ಕ ಹೊತ್ತಿಗೇ ಸ್ಕ್ರೀನಿನಲ್ಲಿ ಗೆರೆ ಎದ್ದವು, ಝೂಮ್ ತನ್ನಷ್ಟಕ್ಕೆ ಓಡಾಡಿತು, ಆಮೇಲೆ ಪೂರ್ತಿ ಕಪ್ಪು.

ಅಂಗಡಿಗೆ ಹೋದರೆ, "ಬಿಲ್ಲಿನ ಹಿಂದೆ ನೋಡಿ ಸಾರ್." ಇರುವೆಯಂಥ ಅಕ್ಷರದಲ್ಲಿ ಬರೆದಿತ್ತು: ನೀರು ಹೋದರೆ ಜವಾಬ್ದಾರಿ ಇಲ್ಲ. ಬಕೆಟ್ ತರಿಸಿ ತೋರಿಸಿದ್ದು ಯಾಕೆ ಹಾಗಾದರೆ? ಉತ್ತರವಿಲ್ಲ. ಸರ್ವಿಸ್ ಸೆಂಟರ್‌ನವರು ಹೊರಗೆ ಬಿಚ್ಚಿಸಿದ್ದು ಎಂದು ಮುಟ್ಟಲೂ ಇಲ್ಲ. ಆದ್ದರಿಂದ ದುಡ್ಡು ಕೊಡುವ ಮೊದಲು "ಸೀಲ್ ಹೊಸದು, ಪ್ರೆಷರ್ ಟೆಸ್ಟ್ ಆಗಿದೆ" ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಟೆಸ್ಟ್ ಮಾಡುವ ಮಷಿನ್ ಇಲ್ಲ ಅಂದರೆ ಕ್ಯಾಮೆರಾ ಕೈಗೆ ತಗೊಂಡು ಬನ್ನಿ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೂ ಇದೇ ಮಾತು. ಡಬ್ಬದ ಮೇಲಿನ ಮೀಟರ್ ಲೆಕ್ಕ ಹೊಸ ಕ್ಯಾಮೆರಾದ್ದು.

ಬಿಚ್ಚಿಸದ ಕ್ಯಾಮೆರಾ ಆದರೂ ಬ್ಯಾಟರಿ ಬಾಗಿಲಿನ ರಬ್ಬರಿಗೆ ಒಂದು ಕೂದಲೋ ಮರಳಿನ ಕಣವೋ ಸಿಕ್ಕಿದರೆ ಅಲ್ಲಿಗೆ ಮುಗಿಯಿತು. ದಡದಲ್ಲಿ, ದೋಣಿಯಲ್ಲಿ ಆ ಬಾಗಿಲು ತೆಗೆಯಲೇಬೇಡಿ. ಸಮುದ್ರದಿಂದ ಬಂದ ಮೇಲೆ ಬಾಗಿಲು ಮುಚ್ಚಿದ ಹಾಗೇ ಸಿಹಿನೀರಿನಲ್ಲಿ ನೆನೆಸಿಟ್ಟು, ಒರೆಸಿ, ನೆರಳಲ್ಲಿ ಒಣಗಿಸಿ. ಹೇರ್ ಡ್ರೈಯರ್ ಬೇಡ, ಬಿಸಿಲಲ್ಲಿ ನಿಂತ ಕಾರಿನೊಳಗೂ ಬೇಡ. ರಬ್ಬರ್ ಹಾಳಾದಂತೆ ಕಾಣದಿದ್ದರೂ ವರ್ಷಕ್ಕೊಮ್ಮೆ ಬದಲಿಸಿ.

ಒಳಗೆ ನೀರು ಹೋಗಿಬಿಟ್ಟಿದ್ದರೆ ತಕ್ಷಣ ಆಫ್ ಮಾಡಿ, ಬ್ಯಾಟರಿ, ಕಾರ್ಡ್ ಎರಡನ್ನೂ ತೆಗೆಯಿರಿ. ದೋಣಿಯಲ್ಲಿ ಎಲ್ಲರೂ ಅಕ್ಕಿಡಬ್ಬದಲ್ಲಿಟ್ಟು ಒಣಗಿಸುವ ಸಲಹೆ ಕೊಟ್ಟರು. ಅಕ್ಕಿ ಉಪ್ಪನ್ನು ತೆಗೆಯುವುದಿಲ್ಲ. ಕಾರ್ಡನ್ನು ಸಿಹಿನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿದರೆ ಫೋಟೊ ಉಳಿಯಬಹುದು, ನಮ್ಮವು ಉಳಿದವು. ಬ್ಯಾಟರಿಯನ್ನು ಮಾತ್ರ ಒಣಗಿತಲ್ಲ ಅಂತ ಚಾರ್ಜಿಗೆ ಹಾಕಬೇಡಿ. ಉಪ್ಪುನೀರು ಹೊಕ್ಕ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯವಿದೆ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟುಬಿಡಿ.